ದೀಪ ಹತ್ತಿತು, ಸರಿ. ಅದು ಅಳೆಯುತ್ತಿರುವುದು ಏನನ್ನು?

ಎಲ್ಲರಿಗೂ ನಮಸ್ಕಾರ.

ಡ್ಯಾಶ್‌ಬೋರ್ಡಿನ ದೀಪಗಳ ಬಗ್ಗೆ ಮಾತಾಡಿ ಎಂದಾಗ ಸಂಘಟಕರ ಮನಸ್ಸಿನಲ್ಲಿ ಇದ್ದದ್ದು ಬಹುಶಃ ಒಂದು ದೊಡ್ಡ ಪಟ. ಎಡಗಡೆ ಚಿತ್ರ, ಬಲಗಡೆ ಅರ್ಥ. ಅಂಥ ಪಟ ನಿಮ್ಮ ಕಾರಿನ ಮ್ಯಾನ್ಯುಯಲ್‌ನಲ್ಲೇ ಇದೆ. ಗ್ಲೋವ್ ಬಾಕ್ಸ್‌ನಲ್ಲಿ, ಇನ್ನೂ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಇರಬಹುದು. ಅದನ್ನೇ ಇಲ್ಲಿ ಓದಿ ಹೇಳುವುದು ದಂಡ.

ನಾನು ಬೇರೆ ದಾರಿ ಹಿಡಿಯುತ್ತೇನೆ. ಪ್ರತಿ ದೀಪದ ಹಿಂದೆ ಒಂದು ಸೆನ್ಸರ್ ಅಥವಾ ಸ್ವಿಚ್ ಇರುತ್ತದೆ. ಅದು ಯಾವುದೋ ಒಂದು ವಿಷಯವನ್ನು ಗಮನಿಸುತ್ತಿರುತ್ತದೆ. ಆ ಅಳತೆ ಒಂದು ಗೆರೆ ದಾಟಿದರೆ ದೀಪ ಹತ್ತುತ್ತದೆ, ಅಷ್ಟೇ. ಏನನ್ನು ಅಳೆಯುತ್ತಿದೆ, ಗೆರೆ ಎಲ್ಲಿದೆ ಎಂಬ ಎರಡು ಸಂಗತಿ ಗೊತ್ತಿದ್ದರೆ ಮುಂದೇನು ಮಾಡಬೇಕು ಅನ್ನೋದು ತಾನಾಗಿಯೇ ಹೊಳೆಯುತ್ತದೆ. ಗೊತ್ತಿಲ್ಲದಿದ್ದರೆ ಚಿತ್ರ ನಮ್ಮನ್ನು ದಾರಿ ತಪ್ಪಿಸುತ್ತದೆ. ಆಯಿಲ್ ಡಬ್ಬಿಯ ಕೆಂಪು ಚಿತ್ರ ಆಯಿಲ್ ಎಷ್ಟಿದೆ ಎಂದು ಹೇಳುವುದಿಲ್ಲ. ಬ್ಯಾಟರಿಯ ಚಿತ್ರ ಹತ್ತಿದಾಗ ತೊಂದರೆ ಹೆಚ್ಚಾಗಿ ಬ್ಯಾಟರಿಯಲ್ಲಿ ಇರುವುದಿಲ್ಲ. ಟೆಂಪರೇಚರ್ ಮುಳ್ಳು ಬೇಕಂತಲೇ ಸ್ವಲ್ಪ ಸುಳ್ಳು ಹೇಳುತ್ತದೆ.

ಬಣ್ಣದ ಮಾತನ್ನು ಬೇಗ ಮುಗಿಸೋಣ. ಕೆಂಪು ಅಂದರೆ ಸುರಕ್ಷಿತ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ. ಹಳದಿ ಅಂದರೆ ಓಡಿಸಬಹುದು, ಆದರೆ ಮರೆಯಬೇಡಿ. ಹಸಿರು, ನೀಲಿ ಅಂದರೆ ಏನೋ ಒಂದು ಚಾಲೂ ಇದೆ: ಇಂಡಿಕೇಟರ್, ಹೆಡ್‌ಲೈಟ್, ಹೈ ಬೀಮ್. ಚಿತ್ರಗಳಿಗೆ ಐಎಸ್‌ಒ 2575 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ. ಹಾಗಾಗಿ ಯಾವ ಕಂಪನಿಯ ಕಾರಿನಲ್ಲಿ ಕೂತರೂ ಚಿತ್ರಗಳು ಹೆಚ್ಚುಕಮ್ಮಿ ಒಂದೇ.

ಕೀ ತಿರುಗಿಸಿದಾಗ ಎಲ್ಲ ದೀಪಗಳೂ ಒಟ್ಟಿಗೆ ಹತ್ತಿ, ಕೆಲವು ಸೆಕೆಂಡಿನಲ್ಲಿ ಆರುತ್ತವೆ. ಅದನ್ನು ಯಾರೂ ನೋಡುವುದಿಲ್ಲ. ಆದರೆ ನೋಡಬೇಕಾದದ್ದು ಅದನ್ನೇ. ದೀಪಗಳು ಕೆಲಸ ಮಾಡುತ್ತಿವೆಯೇ ಎಂದು ಕಾರು ಆಗ ತನ್ನನ್ನೇ ಪರೀಕ್ಷೆ ಮಾಡಿಕೊಳ್ಳುತ್ತಿರುತ್ತದೆ. ಆಯಿಲ್ ದೀಪ ಮತ್ತು ಬ್ಯಾಟರಿ ದೀಪ ಮಾತ್ರ ಎಂಜಿನ್ ಶುರುವಾಗುವ ತನಕ ಉರಿಯುತ್ತಲೇ ಇರುತ್ತವೆ. ಎಂಜಿನ್ ತಿರುಗದಿದ್ದರೆ ಆಯಿಲ್ ಪ್ರೆಶರ್ ಎಲ್ಲಿಂದ ಬರಬೇಕು, ಚಾರ್ಜಿಂಗ್ ಎಲ್ಲಿಂದ ಬರಬೇಕು, ಅಲ್ವಾ?

ಹಳೆಯ ಕಾರು ಕೊಳ್ಳುವವರಿಗೆ ಈ ಕೆಲವು ಸೆಕೆಂಡುಗಳು ಬಂಗಾರ. ಆ ಸಾಲಿನಲ್ಲಿ ಏರ್‌ಬ್ಯಾಗ್ ದೀಪವೋ ಚೆಕ್ ಎಂಜಿನ್ ದೀಪವೋ ಹತ್ತಲೇ ಇಲ್ಲ ಎಂದರೆ ಅನುಮಾನ ಪಡಿ. ದೋಷ ರಿಪೇರಿ ಮಾಡಿಸುವುದಕ್ಕಿಂತ ದೀಪ ಕಿತ್ತುಹಾಕುವುದು ಅಗ್ಗ. ಇನ್ನೂ ಚಾಲಾಕಿಗಳು ಏರ್‌ಬ್ಯಾಗ್ ದೀಪದ ವೈರನ್ನು ಬೇರೆ ದೀಪದ ವೈರಿಗೆ ಜೋಡಿಸಿಬಿಡುತ್ತಾರೆ. ಅದು ಹತ್ತುವುದೂ ಆರುವುದೂ ಪಕ್ಕದ ದೀಪದ ಜೊತೆ ಒಂದೇ ಕ್ಷಣಕ್ಕೆ ಆಗುತ್ತಿದ್ದರೆ ಕಾರಿನ ದೋಷ ಓದುವ ಸ್ಕ್ಯಾನರ್ ಒಮ್ಮೆ ಹಾಕಿಸಿ ನೋಡಿ.

ಈಗ ಕೆಂಪು ದೀಪಗಳಿಗೆ ಬರೋಣ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಆಯಿಲ್ ದೀಪ. ಹಳೇ ಕಾಲದ ಎಣ್ಣೆ ಡಬ್ಬಿ, ಅದರ ಮೂತಿಯಿಂದ ಒಂದು ಹನಿ ಬೀಳುತ್ತಿರುವ ಚಿತ್ರ.

ಎಂಜಿನ್ನಿನ ಒಳಗೆ ಕ್ರ್ಯಾಂಕ್‌ಶಾಫ್ಟ್ ಎಂಬ ಮುಖ್ಯ ದಂಡ ಲೋಹದ ಬೇರಿಂಗ್‌ಗಳ ನಡುವೆ ತಿರುಗುತ್ತದೆ. ಎರಡರ ನಡುವಿನ ಸಂದು ಒಂದು ಮಿಲಿಮೀಟರಿನ ನೂರರಲ್ಲಿ ಕೆಲವು ಭಾಗ ಮಾತ್ರ. ಆ ಸಂದಿನಲ್ಲಿ ಒತ್ತಡದಿಂದ ನುಗ್ಗುವ ಆಯಿಲ್ ಒಂದು ತೆಳು ಪದರ ಕಟ್ಟುತ್ತದೆ. ಎಲ್ಲ ಸರಿಯಿದ್ದರೆ ಲೋಹಕ್ಕೆ ಲೋಹ ತಾಗುವುದೇ ಇಲ್ಲ. ಪ್ರೆಶರ್ ಹೋದರೆ ಪದರ ಹೋಗುತ್ತದೆ. ಎಂಜಿನ್ ನಿಮಿಷಕ್ಕೆ 2400 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 40 ಸುತ್ತು ಲೋಹದ ಮೇಲೆ ಲೋಹ ಉಜ್ಜುತ್ತದೆ.

ಈಗ ಗೆರೆ ಎಲ್ಲಿದೆ ನೋಡಿ. ಓಡುವಾಗ ಸಾಮಾನ್ಯ ಕಾರಿನಲ್ಲಿ ಆಯಿಲ್ ಪ್ರೆಶರ್ ಕೆಲವು ಬಾರ್ ಇರುತ್ತದೆ, ಬಾರ್ ಅಂದರೆ ಒತ್ತಡದ ಒಂದು ಅಳತೆ. ದೀಪ ಹತ್ತಿಸುವ ಸ್ವಿಚ್ ಹೆಚ್ಚಿನ ಕಾರುಗಳಲ್ಲಿ ಎಚ್ಚರಗೊಳ್ಳುವುದು ಅದು ಅರ್ಧ ಬಾರ್‌ಗಿಂತ ಕೆಳಗೆ ಇಳಿದ ಮೇಲೆ. ಅಂದರೆ ಇದು ಮುನ್ನೆಚ್ಚರಿಕೆಯ ದೀಪವೇ ಅಲ್ಲ. ಆಗಬಾರದ್ದು ಆಗಿಹೋಗಿದೆ ಎಂದು ಹೇಳುವ ದೀಪ. "ಮನೆ ಹತ್ತಿರವೇ ಇದೆ, ಎರಡು ಕಿಲೋಮೀಟರ್ ಅಷ್ಟೇ" ಎಂದು ಓಡಿಸಿದರೆ ಆ ಎರಡು ಕಿಲೋಮೀಟರಿನಲ್ಲಿ ಎಂಜಿನ್ ಮುಗಿಯಬಹುದು. ಬದಿಗೆ ಸರಿಯಿರಿ, ಎಂಜಿನ್ ಆರಿಸಿ.

ಆಮೇಲೆ ಕೆಲವು ನಿಮಿಷ ಕಾದು, ಕಾರು ಸಮತಟ್ಟು ನೆಲದಲ್ಲಿದ್ದರೆ, ಡಿಪ್‌ಸ್ಟಿಕ್ ಎಳೆದು ಒರೆಸಿ ಮತ್ತೆ ಹಾಕಿ ನೋಡಿ. ಮಟ್ಟವನ್ನು ಹೇಳುವುದು ಆ ಕಡ್ಡಿ, ದೀಪ ಅಲ್ಲ. ಆಯಿಲ್ ತುಂಬಾ ಕೆಳಗಿದ್ದರೆ ಸರಿಯಾದ ಗ್ರೇಡಿನ ಆಯಿಲ್ ತುಂಬಿಸಿ ಶುರು ಮಾಡಿ. ಕೆಲವು ಸೆಕೆಂಡಿನಲ್ಲಿ ದೀಪ ಆರಿದರೆ ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. ಹೋಗುವ ಮೊದಲು ಕಾರಿನ ಅಡಿಯಲ್ಲಿ ಸೋರುತ್ತಿದೆಯೇ ಎಂದು ಬಗ್ಗಿ ನೋಡಿ. ಮಟ್ಟ ಸರಿಯಾಗಿದ್ದೂ ದೀಪ ಉರಿಯುತ್ತಿದ್ದರೆ ಮತ್ತೆ ಶುರು ಮಾಡಬೇಡಿ, ಎಳೆಸಿಕೊಂಡು ಹೋಗಿ. ಸ್ವಿಚ್ಚೇ ಕೆಟ್ಟಿರಬಹುದು, ಅದೂ ಆಗುತ್ತದೆ. ಆದರೆ ಅದನ್ನು ತೀರ್ಮಾನ ಮಾಡಬೇಕಾದದ್ದು ಮೆಕ್ಯಾನಿಕ್‌ನ ಪ್ರೆಶರ್ ಗೇಜ್. ನಮ್ಮ ಆಸೆ ಅಲ್ಲ.

ಒಂದು ಸೂಕ್ಷ್ಮ ಗುರುತು ಇದೆ. ತಿರುವಿನಲ್ಲಿ ಅಥವಾ ಜೋರಾಗಿ ಬ್ರೇಕ್ ಹಾಕಿದಾಗ ಆಯಿಲ್ ದೀಪ ಚಕ್ಕನೆ ಮಿನುಗಿ ಆರಿದರೆ ಅದನ್ನು ಕಣ್ಣಿನ ಭ್ರಮೆ ಎಂದುಕೊಳ್ಳಬೇಡಿ. ಆಯಿಲ್ ಕಡಿಮೆಯಾಗಿ, ಎಂಜಿನ್ನಿನ ಅಡಿಯಲ್ಲಿ ಆಯಿಲ್ ನಿಲ್ಲುವ ಸಂಪ್‌ನಲ್ಲಿ ಒಂದು ಬದಿಗೆ ಹರಿದು, ಪಂಪ್ ಆ ಕ್ಷಣಕ್ಕೆ ಗಾಳಿ ಎಳೆದಿದೆ. ನಿಲ್ಲಿಸಿ ಡಿಪ್‌ಸ್ಟಿಕ್ ನೋಡುವ ಹೊತ್ತು ಅದು. ಇನ್ನು ಹಳದಿ ಬಣ್ಣದ ಆಯಿಲ್ ದೀಪ ಕೆಲವು ಕಾರುಗಳಲ್ಲಿ ಇರುತ್ತದೆ. ಅದು ಮಟ್ಟದ್ದೋ, ಆಯಿಲ್ ಬದಲಿಸುವ ನೆನಪಿನದ್ದೋ ಆಗಿರುತ್ತದೆ. ಕೆಂಪಿನದೇ ಬೇರೆ, ಇದೇ ಬೇರೆ.

ಮುಂದಿನದು ಟೆಂಪರೇಚರ್. ಸುಳ್ಳು ಹೇಳುವ ಮುಳ್ಳು ಎಂದೆ. ವಿವರಿಸುತ್ತೇನೆ.

ಎಂಜಿನ್ನನ್ನು ತಣ್ಣಗಿಡುವ ದ್ರವ, ಅಂದರೆ ಕೂಲೆಂಟ್, ಸಾಮಾನ್ಯವಾಗಿ 90 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಏರು ಹತ್ತಿದರೆ ಸ್ವಲ್ಪ ಏರುತ್ತದೆ, ಇಳಿಜಾರಿನಲ್ಲಿ ಇಳಿಯುತ್ತದೆ. ಮುಳ್ಳು ಇದನ್ನೆಲ್ಲ ಪ್ರಾಮಾಣಿಕವಾಗಿ ತೋರಿಸಿದರೆ ಜನ ಗಾಬರಿಯಾಗಿ ಸರ್ವಿಸ್ ಸೆಂಟರಿಗೆ ಓಡುತ್ತಾರೆ. ಅದಕ್ಕೇ ಈಗಿನ ಬಹುತೇಕ ಕಾರುಗಳಲ್ಲಿ ಮುಳ್ಳನ್ನು ನಡುವೆ ಕಟ್ಟಿಹಾಕಿರುತ್ತಾರೆ. ಸುಮಾರು 75ರಿಂದ 105 ಡಿಗ್ರಿವರೆಗೆ ಏನೇ ಆದರೂ ಅದು ಅಲ್ಲಾಡುವುದಿಲ್ಲ. ನಿಖರ ಅಂಕಿ ಕಾರಿನಿಂದ ಕಾರಿಗೆ ಬೇರೆ. ಇದರ ಪರಿಣಾಮ ಏನು? ನಡುವೆ ನಿಂತ ಮುಳ್ಳು ಒಂದು ಬೆರಳಿನಷ್ಟು ಮೇಲೆ ಸರಿದರೂ ಎಂಜಿನ್ ಆಗಲೇ ಸಾಕಷ್ಟು ಬಿಸಿಯಾಗಿದೆ. ಎಚ್ ಅಕ್ಷರ ಮುಟ್ಟುವ ತನಕ ಕಾಯಬಾರದು. ಕೆಲವು ಕಾರುಗಳಲ್ಲಿ ಮುಳ್ಳೇ ಇಲ್ಲ. ತಣ್ಣಗಿರುವಾಗ ನೀಲಿ ದೀಪ, ಮಿತಿ ಮೀರಿದಾಗ ಕೆಂಪು ದೀಪ, ನಡುವೆ ಮೌನ. ನನಗಂತೂ ಇದು ಇಷ್ಟವಿಲ್ಲ.

ಮುಳ್ಳು ಯಾವಾಗ ಏರುತ್ತದೆ ಎಂಬುದರಲ್ಲೇ ರೋಗದ ಸುಳಿವು ಇರುತ್ತದೆ. ಟ್ರಾಫಿಕ್‌ನಲ್ಲಿ ನಿಂತಾಗ ಏರಿ, ಓಡಲು ಶುರುವಾದ ಮೇಲೆ ಇಳಿದರೆ ಅನುಮಾನ ಫ್ಯಾನ್ ಮೇಲೆ. ಓಡುವಾಗ ಗಾಳಿ ತಾನಾಗಿಯೇ ರೇಡಿಯೇಟರ್‌ಗೆ ಬಡಿಯುತ್ತದೆ, ನಿಂತಾಗ ಫ್ಯಾನ್ ಬೇಕೇ ಬೇಕು. ನಿಂತಾಗ ಸರಿಯಿದ್ದು, ವೇಗವಾಗಿ ಓಡುವಾಗ ಅಥವಾ ಏರಿನಲ್ಲಿ ಏರಿದರೆ ಕೂಲೆಂಟ್ ಕಡಿಮೆ ಇರಬಹುದು, ರೇಡಿಯೇಟರ್ ಕಟ್ಟಿರಬಹುದು, ಕೂಲೆಂಟನ್ನು ರೇಡಿಯೇಟರ್‌ಗೆ ಬಿಡುವ ಕವಾಟ, ಅಂದರೆ ಥರ್ಮೋಸ್ಟಾಟ್, ಪೂರ್ತಿ ತೆರೆಯದೆ ಇರಬಹುದು. ಮುಳ್ಳು ಎಷ್ಟು ದೂರ ಹೋದರೂ ನಡುವಿಗೆ ಬರದೆ ಕೆಳಗೇ ಉಳಿದರೆ ಥರ್ಮೋಸ್ಟಾಟ್ ತೆರೆದೇ ಅಂಟಿಕೊಂಡಿರುವ ಸಾಧ್ಯತೆ ಜಾಸ್ತಿ. ಅದು ತುರ್ತಲ್ಲ, ಆದರೆ ಎಂಜಿನ್ ಸದಾ ತಣ್ಣಗಿದ್ದು ಇಂಧನ ಸುಮ್ನೆ ವೇಸ್ಟ್ ಆಗುತ್ತದೆ.

ಬಿಸಿಯಾದಾಗ ಏನು ಮಾಡಬೇಕು? ಎಸಿ ಆರಿಸಿ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರು ಮಾಡಿ. ಬೆವರು ಇಳಿಯುತ್ತದೆ, ಹೌದು. ಆದರೆ ಹೀಟರ್ ಅಂದರೆ ಇನ್ನೊಂದು ಸಣ್ಣ ರೇಡಿಯೇಟರ್, ಎಂಜಿನ್ನಿನ ಶಾಖವನ್ನು ಅದು ನಿಮ್ಮ ಕಡೆಗೆ ಎಳೆದುಕೊಳ್ಳುತ್ತದೆ. ಇದು ಸುರಕ್ಷಿತ ಜಾಗ ಸಿಗುವ ತನಕದ ಉಪಾಯ ಮಾತ್ರ. ಮುಳ್ಳು ಕೆಂಪಿಗೆ ಹೋದರೆ ಅಥವಾ ಕೆಂಪು ದೀಪ ಹತ್ತಿದರೆ ನಿಲ್ಲಿಸಿ ಎಂಜಿನ್ ಆರಿಸಿ.

ಆಮೇಲೆ ದಯವಿಟ್ಟು ರೇಡಿಯೇಟರ್ ಕ್ಯಾಪಿಗೆ ಕೈ ಹಾಕಬೇಡಿ. ಕೂಲಿಂಗ್ ವ್ಯವಸ್ಥೆ ಒತ್ತಡದಲ್ಲಿ ಇರುತ್ತದೆ, ಅದರಿಂದಲೇ ಕೂಲೆಂಟ್ 100 ಡಿಗ್ರಿ ದಾಟಿದರೂ ಕುದಿಯದೆ ದ್ರವವಾಗಿಯೇ ಉಳಿಯುತ್ತದೆ. ಕ್ಯಾಪ್ ತೆಗೆದ ಕ್ಷಣ ಒತ್ತಡ ಬೀಳುತ್ತದೆ, ಒಳಗಿನದು ಒಮ್ಮೆಲೇ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಕನಿಷ್ಠ ಅರ್ಧ ಗಂಟೆ ಬಿಡಿ. ಮೇಲಿನ ಹೋಸ್ ಕೈಯಲ್ಲಿ ಹಿಡಿಯುವಷ್ಟು ತಣ್ಣಗಾಗಿ, ಒತ್ತಿದರೆ ಮೆತ್ತಗಿರಬೇಕು.

ಇನ್ನೊಂದು ಅಪಾಯ ಇದೆ, ಇದನ್ನು ಬಹಳ ಜನ ಹೇಳುವುದಿಲ್ಲ. ಸೆನ್ಸರ್ ಅಳೆಯುವುದು ಕೂಲೆಂಟಿನ ಬಿಸಿಯನ್ನು, ಎಂಜಿನ್ನಿನ ಲೋಹದ ಬಿಸಿಯನ್ನಲ್ಲ. ಹೋಸ್ ಒಡೆದು ಕೂಲೆಂಟ್ ಪೂರ್ತಿ ಸುರಿದುಹೋದರೆ ಸೆನ್ಸರ್ ಬರೀ ಗಾಳಿಯಲ್ಲಿ ನಿಂತಿರುತ್ತದೆ. ಆಗ ಮುಳ್ಳು ಏರುವ ಬದಲು ಇಳಿಯಲೂಬಹುದು! ಬಿಸಿಯಾಗಿದ್ದ ಮುಳ್ಳು ಕಾರಣವಿಲ್ಲದೆ ತಟ್ಟನೆ ಕೆಳಗೆ ಬಿದ್ದು, ಹೀಟರಿನಿಂದ ತಣ್ಣನೆ ಗಾಳಿ ಬರತೊಡಗಿದರೆ ಖುಷಿಪಡಬೇಡಿ, ನಿಲ್ಲಿಸಿ.

ಬ್ಯಾಟರಿ ದೀಪಕ್ಕೆ ಬರೋಣ. ಇದು ನೋಡುವುದು ಚಾರ್ಜಿಂಗನ್ನು. ಪೂರ್ತಿ ಚಾರ್ಜ್ ಆದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುವಾಗ ಅದರ ಬಲದಿಂದ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಅದನ್ನು 14 ವೋಲ್ಟ್ ಆಸುಪಾಸಿಗೆ ಏರಿಸುತ್ತದೆ. ದೀಪ ಹತ್ತಿತು ಎಂದರೆ ಆಲ್ಟರ್ನೇಟರ್ ಕೈಬಿಟ್ಟಿದೆ, ಇನ್ನು ಕಾರು ಓಡುವುದು ಬ್ಯಾಟರಿಯ ಉಳಿತಾಯದಲ್ಲಿ. ಅದು ಎಷ್ಟು ಹೊತ್ತು ಬರುತ್ತದೆ ಅನ್ನುವುದು ಬ್ಯಾಟರಿಯ ವಯಸ್ಸು, ನೀವು ಹಾಕಿಕೊಂಡಿರುವ ಲೈಟು, ಫ್ಯಾನು ಇವುಗಳ ಮೇಲೆ ನಿಂತಿದೆ. ಬೇಡದ್ದನ್ನೆಲ್ಲ ಆರಿಸಿ. ದೀಪ ಕೆಂಪಾದರೂ ಇದೊಂದರಲ್ಲಿ ಎಂಜಿನ್ ಮಾತ್ರ ದಾರಿ ನಡುವೆ ಆರಿಸಬೇಡಿ, ಮತ್ತೆ ಶುರುವಾಗದೆ ಹೋಗಬಹುದು.

ಆದರೆ ಒಂದು ಷರತ್ತು. ಬ್ಯಾಟರಿ ದೀಪ ಹತ್ತಿದಾಗ ಕಣ್ಣು ಟೆಂಪರೇಚರ್ ಮೇಲಿರಲಿ. ಆಲ್ಟರ್ನೇಟರನ್ನು ತಿರುಗಿಸುವ ಬೆಲ್ಟೇ ಬಹಳಷ್ಟು ಕಾರುಗಳಲ್ಲಿ ವಾಟರ್ ಪಂಪನ್ನೂ ತಿರುಗಿಸುತ್ತದೆ. ಬ್ಯಾಟರಿ ದೀಪ ಹತ್ತಿ, ಹಿಂದೆಯೇ ಮುಳ್ಳು ಏರಿದರೆ, ಕೆಲವು ಕಾರುಗಳಲ್ಲಿ ಜೊತೆಗೆ ಸ್ಟೀರಿಂಗ್ ಕೂಡ ಭಾರವಾದರೆ, ಬೆಲ್ಟ್ ಹರಿದಿದೆ. ಆಗ ಉಳಿತಾಯದ ಲೆಕ್ಕ ಮುಗಿಯಿತು, ತಕ್ಷಣ ನಿಲ್ಲಿಸಬೇಕು. ಒಂದೊಂದೇ ದೀಪ ಓದುವುದಕ್ಕಿಂತ ಎರಡನ್ನು ಜೋಡಿಸಿ ಓದಿದಾಗ ಹೆಚ್ಚು ತಿಳಿಯುತ್ತದೆ. ಹಳೇ ಕಾರುಗಳ ಒಂದು ವಿಚಿತ್ರವನ್ನೂ ಹೇಳಿಬಿಡುತ್ತೇನೆ: ಅವುಗಳಲ್ಲಿ ಆಲ್ಟರ್ನೇಟರ್ ಎಚ್ಚರಗೊಳ್ಳುವುದೇ ಈ ದೀಪದ ಮೂಲಕ ಹರಿಯುವ ಸಣ್ಣ ಕರೆಂಟಿನಿಂದ. ಬಲ್ಬ್ ಸುಟ್ಟುಹೋದರೆ ಚಾರ್ಜಿಂಗೇ ಶುರುವಾಗದೆ ಇರಬಹುದು.

ಬ್ರೇಕ್. ಕೆಂಪು ವೃತ್ತ, ನಡುವೆ ಆಶ್ಚರ್ಯ ಚಿಹ್ನೆ. ಮೊದಲು ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿದೆಯೇ ನೋಡಿ. ಇಳಿದಿದ್ದೂ ಉರಿಯುತ್ತಿದ್ದರೆ ಬ್ರೇಕ್ ಫ್ಲೂಯಿಡ್ ಕಡಿಮೆಯಾಗಿರುವ ಸಾಧ್ಯತೆ ಹೆಚ್ಚು. ಅದು ಸುಮ್ಮನೆ ಖರ್ಚಾಗುವ ವಸ್ತು ಅಲ್ಲ. ಪ್ಯಾಡ್‌ಗಳು ಸವೆದಂತೆ ಪಿಸ್ಟನ್ ಮುಂದೆ ಸರಿದು ಮಟ್ಟ ನಿಧಾನಕ್ಕೆ ಇಳಿಯುತ್ತದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಡಬ್ಬಿ ತುಂಬಿಸಿ ದೀಪ ಆರಿಸಿಕೊಂಡು ಹೋಗುವವರನ್ನು ಕಂಡರೆ ನನಗೆ ಭಯ. ಪೆಡಲ್ ಮೆತ್ತಗಾಗಿದ್ದರೆ, ಮೊದಲಿಗಿಂತ ಕೆಳಗೆ ಹೋಗುತ್ತಿದ್ದರೆ, ಆ ಕಾರನ್ನು ಓಡಿಸಲೇಬಾರದು.

ಹಳದಿ ಎಬಿಎಸ್ ದೀಪ ಒಂದೇ ಹತ್ತಿದರೆ ಮಾಮೂಲಿ ಬ್ರೇಕ್ ಕೆಲಸ ಮಾಡುತ್ತದೆ. ಜೋರಾಗಿ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಸೌಲಭ್ಯ ಇಲ್ಲ, ಅಷ್ಟೇ. ಆದರೆ ಎಬಿಎಸ್ ಹಳದಿ ಮತ್ತು ಬ್ರೇಕ್ ಕೆಂಪು ಎರಡೂ ಒಟ್ಟಿಗೆ ಹತ್ತಿದರೆ ಹಿಂದಿನ ಚಕ್ರಗಳಿಗೆ ಬ್ರೇಕ್ ಬಲವನ್ನು ಹಂಚುವ ವ್ಯವಸ್ಥೆಯೂ ಹೋಗಿರಬಹುದು. ಜೋರು ಬ್ರೇಕಿಗೆ ಕಾರಿನ ಹಿಂಭಾಗ ಜಾರುವ ಅಪಾಯ ಇದೆ.

ಈಗ ಎಲ್ಲರ ತಲೆನೋವು, ಚೆಕ್ ಎಂಜಿನ್ ದೀಪ. ಹಳದಿ ಬಣ್ಣದ ಎಂಜಿನ್ ಚಿತ್ರ. ಇದರ ಹುಟ್ಟು ಗೊತ್ತಾದರೆ ಇದರ ಸ್ವಭಾವ ಗೊತ್ತಾಗುತ್ತದೆ. ಇದು ಬಂದದ್ದು ಎಂಜಿನ್ ಉಳಿಸಲಿಕ್ಕಲ್ಲ, ಹೊಗೆ ಕಡಿಮೆ ಮಾಡಲಿಕ್ಕೆ. ಅಮೆರಿಕದಲ್ಲಿ 1996ರ ಮಾಡೆಲ್‌ನಿಂದ ಎಲ್ಲ ಕಾರುಗಳಿಗೂ ಒಬಿಡಿ 2, ಅಂದರೆ ಕಾರು ತನ್ನ ದೋಷವನ್ನು ತಾನೇ ಪತ್ತೆಹಚ್ಚುವ ವ್ಯವಸ್ಥೆ, ಕಡ್ಡಾಯವಾಯಿತು. ಆಮೇಲೆ ಅಂಥದ್ದೇ ನಿಯಮ ಬೇರೆ ಕಡೆಗೂ ಹಬ್ಬಿತು. ಹೊಗೆಯ ಮಟ್ಟ ಹೆಚ್ಚಿಸುವ ಯಾವುದೇ ದೋಷ ಕಂಡರೂ ದೀಪ ಹತ್ತಬೇಕು. ಹಾಗಾಗಿ ಕಾರು ಚೆನ್ನಾಗಿಯೇ ಓಡುತ್ತಿದ್ದರೂ ಇದು ಹತ್ತಬಹುದು. ಕೆಲವು ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸರಿಯಾಗಿ ಬಿಗಿಯದಿದ್ದರೂ ಹತ್ತುತ್ತದೆ, ಆವಿ ಸೋರಿಕೆ ಎಂದು.

ಇಲ್ಲಿ ಬಣ್ಣಕ್ಕಿಂತ ಮಿನುಗುವುದು ಮುಖ್ಯ. ದೀಪ ಒಂದೇ ಸಮನೆ ಉರಿಯುತ್ತಿದ್ದು ಕಾರು ಮಾಮೂಲಿನಂತೆ ಓಡುತ್ತಿದ್ದರೆ, ಬೇರೆ ಕೆಂಪು ದೀಪ ಇಲ್ಲದಿದ್ದರೆ, ಕೆಲವು ದಿನದೊಳಗೆ ತೋರಿಸಿದರೆ ಸಾಕು. ಪೆಟ್ರೋಲ್ ಕಾರಿನಲ್ಲಿ ಮಿನುಗುತ್ತಿದ್ದರೆ ಅದು ಈ ಕ್ಷಣದ ಮಾತು. ಯಾವುದೋ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ, ಮಿಸ್‌ಫೈರ್ ಆಗುತ್ತಿದೆ. ಉರಿಯದ ಪೆಟ್ರೋಲ್ ಎಕ್ಸಾಸ್ಟಿಗೆ ಹೋಗಿ, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತದೆ. ಅದರ ಒಳಗಿನ ಜೇನುಗೂಡಿನಂಥ ಸೆರಾಮಿಕ್ ಕರಗಬಹುದು. ಒಂದು ಇಗ್ನಿಷನ್ ಕಾಯಿಲ್ ಅಥವಾ ಸ್ಪಾರ್ಕ್ ಪ್ಲಗ್ ಬದಲಿಸಿದರೆ ಮುಗಿಯುತ್ತಿದ್ದ ಕೆಲಸ, ಕನ್ವರ್ಟರ್ ಬದಲಿಸುವ ತನಕ ಬೆಳೆಯುತ್ತದೆ. ಆಕ್ಸಿಲರೇಟರ್ ಸಡಿಲಿಸಿ, ನಿಲ್ಲಿಸುವ ಜಾಗ ಹುಡುಕಿ. ಒಣ ಹುಲ್ಲಿನ ಮೇಲೆ ಮಾತ್ರ ನಿಲ್ಲಿಸಬೇಡಿ, ಕನ್ವರ್ಟರ್ ಬೆಂಕಿ ಹಚ್ಚುವಷ್ಟು ಬಿಸಿಯಾಗಿರುತ್ತದೆ.

ದೀಪದ ಹಿಂದೆ ಒಂದು ಕೋಡ್ ಇರುತ್ತದೆ. ಸ್ಟೀರಿಂಗ್ ಕೆಳಗೆ 16 ಪಿನ್‌ಗಳ ಸಾಕೆಟ್ ಇರುತ್ತದೆ. ಅದಕ್ಕೆ ಸಣ್ಣ ಬ್ಲೂಟೂತ್ ರೀಡರ್ ಸಿಕ್ಕಿಸಿದರೆ ಫೋನಿನಲ್ಲೇ ಕೋಡ್ ಓದಬಹುದು. ಪಿ0301 ಅಂದರೆ ಒಂದನೇ ಸಿಲಿಂಡರಿನಲ್ಲಿ ಮಿಸ್‌ಫೈರ್. ಪಿ0420 ಅಂದರೆ ಕನ್ವರ್ಟರಿನ ಕೆಲಸ ಮಿತಿಗಿಂತ ಕೆಳಗಿಳಿದಿದೆ. ಇಲ್ಲಿಯೇ ಜನ ಎಡವುವುದು. ಕೋಡ್ ಹೇಳುವುದು ಕಂಡದ್ದನ್ನು, ಕೆಟ್ಟ ಭಾಗದ ಹೆಸರನ್ನಲ್ಲ. ಪಿ0171 ತಗೊಳ್ಳಿ. ಮಿಶ್ರಣದಲ್ಲಿ ಗಾಳಿ ಜಾಸ್ತಿ, ಇಂಧನ ಕಡಿಮೆ ಎಂದು ಅದರ ಅರ್ಥ. ಇದನ್ನು ಕಂಡುಹಿಡಿದದ್ದು ಆಕ್ಸಿಜನ್ ಸೆನ್ಸರ್. ಹಾಗಾಗಿ ಅದನ್ನೇ ಕಿತ್ತು ಹೊಸದು ಹಾಕುವವರು ಇದ್ದಾರೆ. ದೂರು ಕೊಡಲು ಬಂದವನನ್ನೇ ಲಾಕಪ್ಪಿಗೆ ಹಾಕಿದ ಹಾಗೆ! ನಿಜವಾದ ಕಾರಣ ಬಿರಿದ ವ್ಯಾಕ್ಯೂಮ್ ಹೋಸ್ ಇರಬಹುದು, ಕೊಳೆಯಾದ ಏರ್ ಫ್ಲೋ ಸೆನ್ಸರ್ ಇರಬಹುದು, ಸುಸ್ತಾದ ಫ್ಯೂಯಲ್ ಪಂಪ್ ಇರಬಹುದು. ಕೋಡ್ ನೋಡಿದ ತಕ್ಷಣ ಯಾವ ಪಾರ್ಟ್ ಬದಲಿಸಬೇಕು ಎಂದು ಹೇಳುವ ಮೆಕ್ಯಾನಿಕ್‌ಗಿಂತ, ಇನ್ನೂ ಏನೇನು ಪರೀಕ್ಷೆ ಮಾಡಬೇಕು ಎಂದು ಹೇಳುವವನನ್ನು ನಾನು ನಂಬುತ್ತೇನೆ.

ಟೈರ್ ಪ್ರೆಶರ್ ದೀಪಕ್ಕೂ ಒಂದು ಇತಿಹಾಸ ಇದೆ. 2000ದಲ್ಲಿ ಅಮೆರಿಕದಲ್ಲಿ ಟೈರಿನ ಮೇಲ್ಪದರ ಕಿತ್ತುಬಂದು ಕಾರುಗಳು ಪಲ್ಟಿಯಾದ ಪ್ರಕರಣಗಳ ನಂತರ ಫೈರ್‌ಸ್ಟೋನ್ ಕಂಪನಿ ಲಕ್ಷಾಂತರ ಟೈರುಗಳನ್ನು ಹಿಂದಕ್ಕೆ ಪಡೆಯಿತು. ಅದೇ ವರ್ಷ ಹೊಸ ಕಾನೂನು ಬಂತು, 2007ರ ಹೊತ್ತಿಗೆ ಅಲ್ಲಿನ ಎಲ್ಲ ಹೊಸ ಕಾರುಗಳಿಗೂ ಈ ದೀಪ ಕಡ್ಡಾಯವಾಯಿತು. ಗೆರೆ ಎಲ್ಲಿದೆ? ಅಲ್ಲಿನ ನಿಯಮದಂತೆ, ಹೇಳಿದ ಪ್ರೆಶರಿಗಿಂತ ಶೇ. 25ರಷ್ಟು ಕೆಳಗೆ. 32 ಪಿಎಸ್‌ಐ ಇರಬೇಕಾದ ಟೈರ್ 24ಕ್ಕೆ ಇಳಿಯುವ ತನಕ ದೀಪ ಸುಮ್ಮನಿರಬಹುದು. ಹಾಗಾಗಿ ದೀಪ ಇಲ್ಲ ಎಂದರೆ ಗಾಳಿ ಸರಿಯಿದೆ ಎಂದಲ್ಲ, ಗೇಜ್ ಹಾಕಿ ನೋಡುವ ಕೆಲಸ ತಪ್ಪುವುದಿಲ್ಲ. ಕೆಲವು ಕಾರುಗಳು ಪ್ರೆಶರನ್ನು ಅಳೆಯುವುದೇ ಇಲ್ಲ, ಎಬಿಎಸ್ ಸೆನ್ಸರ್‌ಗಳಿಂದ ಚಕ್ರದ ವೇಗ ಹೋಲಿಸುತ್ತವೆ. ಗಾಳಿ ಇಳಿದ ಟೈರ್ ಸ್ವಲ್ಪ ಚಿಕ್ಕದಾಗಿ ವೇಗವಾಗಿ ಸುತ್ತುತ್ತದೆ. ನಾಲ್ಕೂ ಟೈರ್ ಸಮನಾಗಿ ಇಳಿದರೆ ಅಂಥ ಕಾರಿಗೆ ಗೊತ್ತಾಗುವುದು ಕಷ್ಟ. ಅವುಗಳಲ್ಲಿ ಗಾಳಿ ತುಂಬಿದ ಮೇಲೆ ರಿಸೆಟ್ ಬಟನ್ ಒತ್ತುವುದನ್ನು ಮರೆಯಬೇಡಿ. ದೀಪ ಶುರುವಿನಲ್ಲಿ ಒಂದು ನಿಮಿಷ ಮಿನುಗಿ ಆಮೇಲೆ ಉರಿಯುತ್ತಲೇ ನಿಂತರೆ ಗಾಳಿಯ ದೂರಲ್ಲ, ವ್ಯವಸ್ಥೆಯದ್ದೇ ದೋಷ.

ಉಳಿದವನ್ನು ಓಡುತ್ತಾ ಹೇಳುತ್ತೇನೆ. ಏರ್‌ಬ್ಯಾಗ್ ದೀಪ ಉರಿಯುತ್ತಿದ್ದರೆ ಅಪಘಾತದಲ್ಲಿ ಏರ್‌ಬ್ಯಾಗ್ ತೆರೆಯದೆ ಹೋಗಬಹುದು. ಸೀಟಿನ ಕೆಳಗಿನ ಹಳದಿ ಕನೆಕ್ಟರ್ ಸಡಿಲವಾಗುವುದು ಸಾಮಾನ್ಯ ಕಾರಣ, ಆದರೆ ಅಲ್ಲಿ ನೀವು ಟೆಸ್ಟರ್ ಹಿಡಿದು ಕೈಯಾಡಿಸಬೇಡಿ. ಕಾರಿನ ಹಿಂದೆ ಅಂಕುಡೊಂಕು ಗೆರೆಗಳಿರುವ ದೀಪ ಮಿನುಗಿದರೆ ಅದು ಜಾರುತ್ತಿದ್ದ ಚಕ್ರವನ್ನು ಹಿಡಿಯುತ್ತಿದೆ, ಒಳ್ಳೆಯದೇ. ವೇಗ ಇಳಿಸಿ. ಡೀಸೆಲ್ ಕಾರಿನ ಸುರುಳಿ ದೀಪ ಆರುವ ತನಕ ಸ್ಟಾರ್ಟ್ ಮಾಡಬೇಡಿ. ಡಿಪಿಎಫ್, ಅಂದರೆ ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಅದರ ದೀಪ ಹತ್ತಿದರೆ ಒಳಗೆ ಮಸಿ ತುಂಬಿದೆ. ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಹೆದ್ದಾರಿಯಲ್ಲಿ ಓಡಿಸಿದರೆ ಅದು ಸುಮಾರು 600 ಡಿಗ್ರಿ ಬಿಸಿಯಲ್ಲಿ ಮಸಿ ಸುಟ್ಟುಕೊಳ್ಳುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲಿ ಆಮೆಯ ಚಿತ್ರ ಕಂಡರೆ ಕಾರು ತನ್ನ ಶಕ್ತಿಯನ್ನು ತಾನೇ ಕಡಿತ ಮಾಡಿಕೊಂಡಿದೆ.

ಸ್ಪೀಡೋಮೀಟರ್ ಬಗ್ಗೆ ಒಂದು ಮಾತು. ಫೋನಿನ ಜಿಪಿಎಸ್ ಯಾಕೆ ಕಡಿಮೆ ತೋರಿಸುತ್ತದೆ ಎಂದು ಬಹಳ ಜನ ಕೇಳುತ್ತಾರೆ. ಹಲವು ದೇಶಗಳು ಪಾಲಿಸುವ ವಿಶ್ವಸಂಸ್ಥೆಯ 39ನೇ ನಿಯಮದಂತೆ ಸ್ಪೀಡೋಮೀಟರ್ ನಿಜ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಹೆಚ್ಚು ತೋರಿಸಬಹುದು, ನಿಜ ವೇಗದ ಹತ್ತನೇ ಒಂದು ಭಾಗ ಮತ್ತು ಅದರ ಮೇಲೆ 4 ಕಿಲೋಮೀಟರ್ ತನಕ. ನಿಜವಾಗಿ 100ರಲ್ಲಿ ಹೋಗುತ್ತಿದ್ದರೆ ಮುಳ್ಳು 114 ತೋರಿಸಿದರೂ ಕಾನೂನಿಗೆ ಸರಿ. ಅದಕ್ಕೇ ಕಂಪನಿಗಳು ಮೇಲಿನ ಕಡೆಗೇ ಇಟ್ಟಿರುತ್ತವೆ. ಆದರೆ ಸ್ಟೈಲಿಗೆಂದು ದೊಡ್ಡ ಅಳತೆಯ ಟೈರ್ ಹಾಕಿಸಿದರೆ ಈ ಲೆಕ್ಕ ಕೆಟ್ಟು, ಮೀಟರ್ ಕಡಿಮೆ ತೋರಿಸತೊಡಗಬಹುದು.

ಇಂಧನದ ಮುಳ್ಳು ಮೊದಲರ್ಧ ನಿಧಾನ, ಎರಡನೇ ಅರ್ಧ ಬೇಗ ಇಳಿಯುತ್ತದೆ ಎಂಬ ಅನುಮಾನ ನಿಮ್ಮದೊಬ್ಬರದೇ ಅಲ್ಲ. ಟ್ಯಾಂಕಿನೊಳಗೆ ತೇಲುವ ಒಂದು ಬುರುಡೆ ಇರುತ್ತದೆ. ಪೂರ್ತಿ ತುಂಬಿಸಿದಾಗ ಇಂಧನ ಆ ಬುರುಡೆಯ ಮಿತಿಗಿಂತ ಮೇಲಿರುತ್ತದೆ. ಮಟ್ಟ ಅಲ್ಲಿಗೆ ಇಳಿಯುವ ತನಕ ಮುಳ್ಳು ಅಲ್ಲಾಡುವುದಿಲ್ಲ. ಟ್ಯಾಂಕಿನ ಆಕಾರವೂ ಚೌಕವಲ್ಲ. ರಿಸರ್ವ್ ದೀಪ ಹತ್ತಿಸಿಕೊಂಡೇ ಓಡಿಸುವ ಅಭ್ಯಾಸ ಬಿಡಿ, ಟ್ಯಾಂಕಿನೊಳಗಿನ ಪಂಪನ್ನು ತಣ್ಣಗಿಡುವುದು ಅದೇ ಇಂಧನ. ಮತ್ತೆ, ಪಂಪ್ ಚಿತ್ರದ ಪಕ್ಕದ ಪುಟ್ಟ ಬಾಣ ಗಮನಿಸಿದ್ದೀರಾ? ಟ್ಯಾಂಕಿನ ಮುಚ್ಚಳ ಯಾವ ಬದಿಗಿದೆ ಎಂದು ಅದು ತೋರಿಸುತ್ತದೆ. 1986ರಲ್ಲಿ ಫೋರ್ಡ್ ಕಂಪನಿಯ ಜಿಮ್ ಮಾಯ್ಲನ್ ಎಂಬವರು ಮಳೆಯಲ್ಲಿ ತಪ್ಪು ಬದಿಗೆ ಕಾರು ನಿಲ್ಲಿಸಿ ನೆನೆದು, ಆಫೀಸಿಗೆ ಬಂದು ಈ ಬಾಣದ ಸಲಹೆ ಬರೆದುಕೊಟ್ಟರು. ಇಡೀ ಡ್ಯಾಶ್‌ಬೋರ್ಡಿನಲ್ಲಿ ನನಗೆ ತುಂಬಾ ಇಷ್ಟವಾದ ಚಿಹ್ನೆ ಅದು. ಸೆನ್ಸರಿಲ್ಲ, ಕರೆಂಟಿಲ್ಲ, ಕೆಡುವುದೂ ಇಲ್ಲ.

ಮಾತಿನ ನಂತರ ಸಭೆಯಿಂದ ಬಂದ ಎರಡು ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತಿದ್ದೇನೆ.

ಒಬ್ಬರು ಕೇಳಿದರು: "ಒಮ್ಮೆಲೇ ನಾಲ್ಕೈದು ದೀಪ ಹತ್ತಿದರೆ ಕಾರೇ ಕೆಟ್ಟಂತಲ್ವಾ?" ಹೆಚ್ಚಿನ ಸಲ ಅಲ್ಲ. ಎಬಿಎಸ್, ಕಾರು ಜಾರದಂತೆ ಹಿಡಿಯುವ ಸ್ಟೆಬಿಲಿಟಿ, ಏರಿನಲ್ಲಿ ಹಿಂದಕ್ಕೆ ಹೋಗದಂತೆ ತಡೆಯುವ ಹಿಲ್ ಹೋಲ್ಡ್ ಮೂರೂ ಅವೇ ಚಕ್ರದ ಸೆನ್ಸರ್‌ಗಳನ್ನು ನಂಬಿರುತ್ತವೆ. ಅವುಗಳಲ್ಲಿ ಒಂದು ಕೆಟ್ಟರೂ ಮೂರೂ ದೂರುತ್ತವೆ. ಒಂದಕ್ಕೊಂದು ಸಂಬಂಧವೇ ಇಲ್ಲದ ದೀಪಗಳು, ಅದರಲ್ಲೂ ಬೆಳಗ್ಗೆ ಸ್ಟಾರ್ಟ್ ಮಾಡುವಾಗ ಹತ್ತಿದರೆ ಮೊದಲು ಬ್ಯಾಟರಿಯ ವೋಲ್ಟೇಜ್, ಟರ್ಮಿನಲ್ ಮತ್ತು ಅರ್ತ್ ವೈರ್ ನೋಡಿಸಿ. ವೋಲ್ಟೇಜ್ ಕುಸಿದಾಗ ಕಂಟ್ರೋಲ್ ಯೂನಿಟ್‌ಗಳು ಗಲಿಬಿಲಿಯಾಗಿ ಇಲ್ಲದ ದೋಷಗಳನ್ನೂ ಬರೆದಿಡುತ್ತವೆ. ಈ ಮಾತು ಹಳದಿ ದೀಪಗಳಿಗೆ ಮಾತ್ರ. ಜೊತೆಯಲ್ಲಿ ಒಂದೇ ಒಂದು ಕೆಂಪು ಇದ್ದರೂ ಮೊದಲು ನಿಲ್ಲಿಸಿ.

ಇನ್ನೊಬ್ಬರದು: "ಬ್ಯಾಟರಿಯ ಟರ್ಮಿನಲ್ ಬಿಚ್ಚಿ ಹಾಕಿದರೆ ಚೆಕ್ ಎಂಜಿನ್ ದೀಪ ಹೋಗುತ್ತದಂತೆ, ಮಾಡಬಹುದಾ?" ಹಲವು ಕಾರುಗಳಲ್ಲಿ ಹೋಗುತ್ತದೆ. ದೋಷ ಹೋಗುವುದಿಲ್ಲ, ಮತ್ತೆ ಹತ್ತುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಕೋಡ್ ಬರೆದುಕೊಳ್ಳುವಾಗ ಕಾರು ಆ ಕ್ಷಣದ ವೇಗ, ಎಂಜಿನ್ ಸುತ್ತು, ಕೂಲೆಂಟ್ ಬಿಸಿ, ಲೋಡ್ ಎಲ್ಲವನ್ನೂ ಉಳಿಸಿಟ್ಟಿರುತ್ತದೆ. ಫ್ರೀಜ್ ಫ್ರೇಮ್ ಎನ್ನುತ್ತಾರೆ. ಯಾವಾಗಲೋ ಒಮ್ಮೆ ಬಂದು ಹೋಗುವ ದೋಷ ಹಿಡಿಯಲು ಮೆಕ್ಯಾನಿಕ್‌ಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ. ಟರ್ಮಿನಲ್ ಬಿಚ್ಚಿದರೆ ಅದೂ ಅಳಿಸಿಹೋಗುತ್ತದೆ. ಒಬಿಡಿ ನಿಯಮದ ಪ್ರಕಾರ ದೋಷ ನಿಜವಾಗಿ ಸರಿಯಾದರೆ, ಸತತ ಮೂರು ಸಲದ ಓಡಾಟದಲ್ಲಿ ಅದು ಮತ್ತೆ ಕಾಣದಿದ್ದರೆ ದೀಪ ತಾನೇ ಆರುತ್ತದೆ. ದೀಪ ಹತ್ತಿದಾಗ ಎಂಜಿನ್ ತಣ್ಣಗಿತ್ತೇ, ಬಿಸಿಯಾಗಿತ್ತೇ, ಏರಿನಲ್ಲಿದ್ದಿರೋ ನಿಂತಿದ್ದಿರೋ, ಆಗಷ್ಟೇ ಇಂಧನ ತುಂಬಿಸಿದ್ದಿರೋ ಎಂದು ಫೋನಿನಲ್ಲಿ ಒಂದು ಸಾಲು ಬರೆದುಕೊಳ್ಳಿ. ಡ್ಯಾಶ್‌ಬೋರ್ಡಿನ ಫೋಟೋ ತೆಗೆದುಕೊಳ್ಳಿ, ಕಾರು ನಿಲ್ಲಿಸಿದ ಮೇಲೆ. ಟರ್ಮಿನಲ್ ಮುಟ್ಟದೆ ಹಾಗೇ ಗ್ಯಾರೇಜಿಗೆ ತನ್ನಿ.